ಹಿಮ್ಮಡಿಯ ನೀಲಿ ಚುಕ್ಕೆ

ಲೀಟಾ ಜಕಮೆಲ್ಲಿ ಯಾರ ಬಾಯನ್ನೂ ನಂಬುತ್ತಿರಲಿಲ್ಲ, ಕಾಲನ್ನು ಮಾತ್ರ ನಂಬುತ್ತಿದ್ದಳು. ಅಂಗಡಿಯ ಬಾಗಿಲಲ್ಲೇ ಯಾರಾದರೂ "ನಂದು ಒಂಬತ್ತೂವರೆ ಸೈಜು" ಅಂದರೆ ಅವಳು ತಲೆ ಎತ್ತಿಯೂ ನೋಡುತ್ತಿರಲಿಲ್ಲ. "ಕೂತ್ಕೊಳ್ಳಿ, ಬೂಟು ಬಿಚ್ಚಿ. ಎಷ್ಟು ಅಂತ ಕಾಲೇ ಹೇಳುತ್ತೆ" ಅನ್ನುತ್ತಿದ್ದಳು. ಗಂಡಸರು ಅರ್ಧ ಸೈಜು ಏರಿಸಿ ಹೇಳುತ್ತಾರೆ, ಹೆಂಗಸರು ಅರ್ಧ ಸೈಜು ಇಳಿಸಿ ಹೇಳುತ್ತಾರೆ, ಬೆಟ್ಟ ಹತ್ತಿಸುವ ಗೈಡುಗಳು ಮಾತ್ರ ತಮಗೆ ನೋವೇ ಇಲ್ಲ ಅಂತ ಸುಳ್ಳು ಹೇಳುತ್ತಾರೆ ಅನ್ನುವುದು ಅವಳ ಮೂವತ್ತೆಂಟು ವರ್ಷದ ಅನುಭವ.

ಕಾಲಿನ ವಿಷಯದಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಬೇಕರಿಯವಳು ಇವತ್ತಿನ ಬ್ರೆಡ್ಡು ಅಂದರೆ ಲೀಟಾ ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಿದ್ದಳು. ರೇಡಿಯೋದವನು ಹಿಮ ಬೀಳುತ್ತದೆ ಅಂದರೆ ಕಿಟಕಿ ತೆಗೆದು ಕೈ ಹೊರಗೆ ಚಾಚುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಪಾದ್ರಿ ಉಪದೇಶ ಮಾಡುವಾಗ ಅವನ ಶೂಗಳ ಅಟ್ಟೆ ಯಾವ ಕಡೆ ಸವೆದಿದೆ ಅಂತ ನೋಡಿ, ಈ ಮನುಷ್ಯ ವಾರವೆಲ್ಲ ಎಲ್ಲೆಲ್ಲಿ ತಿರುಗಿರಬಹುದು ಅಂತ ಲೆಕ್ಕ ಹಾಕುತ್ತಿದ್ದಳು. ಬೆಟ್ಟಗಳ ನಡುವಿನ ಯೂರೇ ಅನ್ನುವ ಆ ಊರಿನವರಿಗೆ ಇದೆಲ್ಲ ಅಭ್ಯಾಸವಾಗಿತ್ತು. "ಲೀಟಾ ಸತ್ತರೆ ಸ್ವರ್ಗದ ಬಾಗಿಲ ಹತ್ರ ನಿಂತು, ಇದು ನಿಜವಾಗ್ಲೂ ಸ್ವರ್ಗಾನಾ ಅಂತ ಬಡಿದು ನೋಡ್ತಾಳೆ" ಅಂತ ನಗುತ್ತಿದ್ದರು. ನಗುತ್ತಲೇ ಬೂಟು ಮಾತ್ರ ಅವಳ ಹತ್ತಿರವೇ ತರುತ್ತಿದ್ದರು.

ಕಾರಣ ಅವಳ ನೀಲಿ ಸೀಮೆಸುಣ್ಣ. ಚಳಿಗಾಲದಲ್ಲಿ ಊರಿನ ಪಕ್ಕದ ಕಮರಿಯ ಗೋಡೆಗಳ ಮೇಲೆ ಕೊಳಾಯಿ ಬಿಟ್ಟು ನೀರು ಹರಿಸಿ ಮಂಜುಗಡ್ಡೆ ಕಟ್ಟಿಸುತ್ತಾರೆ. ಅದನ್ನು ಹತ್ತುವವರು ಬೂಟಿನ ಮೂತಿಗೆ ಕಟ್ಟಿದ ಎರಡು ಉಕ್ಕಿನ ಮುಳ್ಳುಗಳ ಮೇಲೆ ಇಡೀ ಮೈಯ ಭಾರ ಹಾಕಿ ನಿಲ್ಲಬೇಕು. ಬೂಟಿನೊಳಗೆ ಹಿಮ್ಮಡಿ ಒಂದಿಷ್ಟು ಮೇಲೆದ್ದರೂ ಮುಳ್ಳು ಅಲುಗುತ್ತದೆ, ಮೀನಖಂಡ ಸೋಲುತ್ತದೆ, ಕಾಲು ಕಿತ್ತು ಬರುತ್ತದೆ. ಅದಕ್ಕೇ ಲೀಟಾಳ ಪರೀಕ್ಷೆ. ಬಂದವರು ಮೊದಲು ಬೂಟು ಬಿಚ್ಚಿ, ಒಲೆಯ ಪಕ್ಕ ಬರಿಗಾಲಲ್ಲಿ ಅರ್ಧ ಗಂಟೆ ಕೂತು, ಒಂದು ಬಟ್ಟಲು ಹುರುಳಿಕಾಯಿ ಬೀಜದ ಸೂಪು ಕುಡಿಯಬೇಕು. ಇದು ಅವಳ ಅಪ್ಪನ ಕಾಲದ ಕಟ್ಟಳೆ. ಬಿಗಿದುಕೊಂಡ ಕಾಲು ಸುಳ್ಳು ಹೇಳುತ್ತದೆ, ಸಡಿಲವಾಗಲಿ ಅನ್ನುತ್ತಿದ್ದ ಅವನು. ಆಮೇಲೆ ಕಾಲುಚೀಲದ ಹಿಮ್ಮಡಿಗೆ ನೀಲಿ ಸೀಮೆಸುಣ್ಣ ತಿಕ್ಕಿ, ಬೂಟು ಹಾಕಿಸಿ, ಗೋಡೆಗೆ ಬಡಿದಿದ್ದ ಮರದ ದಿಮ್ಮಿಯ ಅಂಚಿಗೆ ಐವತ್ತು ಸಲ ಒದೆಸುತ್ತಿದ್ದಳು. ಬಿಚ್ಚಿ ನೋಡಿದಾಗ, ಬೂಟಿನೊಳಗೆ ಬೇರೆಯಾಗಿ ಕೂರುವ ಮೆತ್ತನೆಯ ಒಳಬೂಟಿನ ಬಿಳಿ ಬಟ್ಟೆಯ ಮೇಲೆ ನೀಲಿ ಚುಕ್ಕೆಯೊಂದೇ ಇದ್ದರೆ ಹಿಮ್ಮಡಿ ನಿಂತಿದೆ ಅಂತ ಅರ್ಥ, ಗೆರೆ ಎಳೆದಿದ್ದರೆ ಎದ್ದಿದೆ ಅಂತ. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಇಳಿಸಿ ತರುವ ಊರಿನ ರಕ್ಷಣಾ ದಳದವರು ಲೀಟಾಳ ಚುಕ್ಕೆ ಇಲ್ಲದ ಬೂಟಿನವರನ್ನು ಹಗ್ಗಕ್ಕೇ ಸೇರಿಸುತ್ತಿರಲಿಲ್ಲ.

ಅವಳು ಅನುಮಾನ ಪಡದ ಒಬ್ಬನೇ ಒಬ್ಬ ಮನುಷ್ಯ ಊರಲ್ಲಿದ್ದ. ಅವನು ಅವಳ ತಮ್ಮ ರೆಮೋ. ಹನ್ನೊಂದು ವರ್ಷದ ಹಿಂದೆ ಮಂಜುಗಡ್ಡೆಯ ಗೋಡೆಯಿಂದ ಬಿದ್ದು ಬಲಗಾಲು ಮುರಿದುಕೊಂಡ ಮೇಲೆ ಅವನು ಹತ್ತುವುದನ್ನು ಬಿಟ್ಟು ಅಂಗಡಿಯ ಮೂಲೆಯಲ್ಲಿ ಹೊಲಿಗೆ ಮಿಶನ್ನಿನ ಹಿಂದೆ ಕೂತಿದ್ದ. ಕೋಲು ಗೋಡೆಗೆ ಒರಗಿರುತ್ತಿತ್ತು. ಮಾತು ಕಡಿಮೆ.

ಆ ಬೀಳುವಿಕೆಯ ಕಥೆ ಊರಿಗೆಲ್ಲ ಗೊತ್ತು. ಅವತ್ತು ಕೆಳಗೆ ನಿಂತು, ಬಿದ್ದರೆ ತಡೆಯಲೆಂದು ಮೇಲಿನ ಕೊಂಡಿಯಲ್ಲಿ ಹಾಯಿಸಿ ತಂದ ರೆಮೋನ ಹಗ್ಗ ಹಿಡಿದಿದ್ದವನು ಹಾಲಿಸ್ ಪ್ರೂಯಿಟ್, ಚಿಕ್ಕಂದಿನಿಂದ ಜೊತೆಗೆ ಆಡಿ ಬೆಳೆದವನು. ಆಸ್ಪತ್ರೆಯ ಓಣಿಯಲ್ಲಿ ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು, "ಬೂಟಲ್ಲಿ ಅವನ ಹಿಮ್ಮಡಿ ಎದ್ದುಬಿಡ್ತು ಲೀಟಾ. ಅವನೇ ಕೂಗಿ ಹೇಳ್ದ. ಆಮೇಲೆ ಮುಳ್ಳು ಕಿತ್ತು ಬಂತು" ಅಂದ. ಲೀಟಾಳ ಮೈ ಉರಿದುಹೋಯಿತು. ಆ ಬೂಟು ಅವಳೇ ಸರಿಮಾಡಿದ್ದು. ಅವಳ ಕೈಯಾರೆ ಪರೀಕ್ಷೆ ಮಾಡಿ ಚುಕ್ಕೆ ನೋಡಿದ್ದು. ಚುಕ್ಕೆ ಅಂದರೆ ಚುಕ್ಕೆ. ಹಾಗಿದ್ದ ಮೇಲೆ ಇವನು ಸುಳ್ಳು ಹೇಳುತ್ತಿದ್ದಾನೆ, ಹಗ್ಗ ಸಡಿಲ ಬಿಟ್ಟು ತನ್ನ ತಪ್ಪನ್ನು ಬೂಟಿನ ತಲೆಗೆ ಕಟ್ಟುತ್ತಿದ್ದಾನೆ. ಸಂಜೆಯ ಹೊತ್ತಿಗೆ ಅವಳು ಇದನ್ನು ಅಂಚೆ ಕಚೇರಿಯಲ್ಲಿ ಹೇಳಿಯಾಗಿತ್ತು, ಮರುದಿನ ದಳದ ಮುಂದೆ ಹೇಳಿದ್ದಳು. ಎರಡು ದಿನದ ಮೇಲೆ ಕಣ್ಣು ಬಿಟ್ಟ ರೆಮೋ, "ನಂಗೇನೂ ನೆನಪಿಲ್ಲ" ಅಂದ. ಯಾರೂ ಹಾಲಿಸ್‌ನನ್ನು ದಳದಿಂದ ತೆಗೆಯಲಿಲ್ಲ, ಆದರೆ ಅವನ ಹಗ್ಗಕ್ಕೆ ಯಾರೂ ಕಟ್ಟಿಕೊಳ್ಳಲೂ ಇಲ್ಲ. ಒಂದು ಚಳಿಗಾಲ ಕಾದು ಅವನೇ ಬಿಟ್ಟ. ಈಗ ಅವನು ಕಮರಿಯ ಅಂಚಿನಲ್ಲಿ ಕೊಳಾಯಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ತನ್ನ ಬೂಟು ಹರಿದರೆ ದೂರದ ಪಟ್ಟಣ ಮಾಂಟ್ರೋಸ್‌ವರೆಗೆ ಹೋಗಿ ಹೊಲಿಸಿಕೊಂಡು ಬರುತ್ತಿದ್ದ.

ಹೀಗಿರುವಾಗ ಡಿಸೆಂಬರಿನ ಮೊದಲ ವಾರ ಇನೆಸ್ ಕಿಂಟಾನಾ ಅನ್ನುವ ಹೊಸ ಹುಡುಗಿ ಅಂಗಡಿಗೆ ಬಂದಳು. ಅಲಮೋಸಾ ಕಡೆಯವಳು, ಇಪ್ಪತ್ತಾರು ವರ್ಷ, ಕೈಯಲ್ಲಿ ದೊಡ್ಡ ಕಿತ್ತಳೆ ಬಣ್ಣದ ಬೂಟು.

"ನಮಸ್ಕಾರ ಸೆನ್ಯೋರಾ. ಹಿಮ್ಮಡಿ ಏಳುತ್ತೆ. ಮುಂದಿನ ಶನಿವಾರ ರಕ್ಷಣಾ ದಳದ ಪರೀಕ್ಷೆ ಇದೆ, ಅಷ್ಟರೊಳಗೆ ಸರಿಯಾಗ್ಬೇಕು."

"ಬೂಟು ಯಾರದು?"

"ನಂದೇ."

"ಸುಳ್ಳು. ಇದು ಅಗಲ ಹಿಮ್ಮಡಿಯ ಗಂಡಸಿನದು."

ಹುಡುಗಿ ನಕ್ಕುಬಿಟ್ಟಳು. "ಸೋದರಮಾವನ ಮಗನದು. ಅವನಿಗೆ ಮದುವೆ ಆಯ್ತು. ಹೆಂಡ್ತಿ ಹತ್ತೋಕೆ ಬಿಡಲ್ಲ, ನಂಗೆ ಕೊಟ್ಬಿಟ್ಟ. ಅಲ್ಲಿಂದೀಚೆಗೆ ನಂದೇ ಅಲ್ವಾ?"

"ನನ್ನ ಹತ್ರ ಯಾರು ಕಳಿಸಿದ್ದು?"

"ಹಾಲಿಸ್. ನಾನು ಅವರ ಜೊತೆ ಕೊಳಾಯಿ ಕೆಲಸ ಮಾಡ್ತೀನಿ. ಹಿಮ್ಮಡಿ ವಿಷಯ ಲೀಟಾಗೆ ಗೊತ್ತಿದ್ದಷ್ಟು ಈ ಬೆಟ್ಟಗಳಲ್ಲಿ ಇನ್ಯಾರಿಗೂ ಗೊತ್ತಿಲ್ಲ ಅಂದ್ರು."

ಮೂಲೆಯಲ್ಲಿ ರೆಮೋನ ಮಿಶನ್ನು ನಿಂತಿತು. ಲೀಟಾ ತಮ್ಮನ ಕಡೆ ನೋಡಿ, ಪಾಪ, ಆ ಹೆಸರು ಕೇಳಿದರೆ ಇವನಿಗೆ ಇವತ್ತಿಗೂ ಸಂಕಟ ಅಂದುಕೊಂಡಳು. ಜೊತೆಗೇ ತಲೆಯೊಳಗೆ ಹುಳ ಕೊರೆಯತೊಡಗಿತು. ಹಾಲಿಸ್ ನನ್ನನ್ನು ಹೊಗಳಿದನೇ? ಹನ್ನೊಂದು ವರ್ಷ ಮುಖ ನೋಡದವನು ಇವತ್ತು ಯಾಕೆ ಹೊಗಳಬೇಕು? ಇದರಲ್ಲಿ ಏನೋ ಇದೆ.

ಏನಿದ್ದರೂ ಬೂಟು ಬೂಟೇ. ಇನೆಸ್ ಒಲೆಯ ಪಕ್ಕ ಕೂತು ಸೂಪು ಕುಡಿದಳು, ಇನ್ನೊಂದು ಬಟ್ಟಲು ಕೇಳಿ ಕುಡಿದಳು. ಲೀಟಾ ಪಾದದ ಸುತ್ತಳತೆ ತೆಗೆದು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಒಳಬೂಟಿನ ಹೊರಮೈಗೆ, ಹಿಮ್ಮಡಿಯ ನರದ ಎರಡೂ ಪಕ್ಕ, ಗಟ್ಟಿ ಉಣ್ಣೆಬಟ್ಟೆಯನ್ನು ಕುಡುಗೋಲಿನ ಆಕಾರಕ್ಕೆ ಕತ್ತರಿಸಿ ಅಂಟಿಸಿದಳು. ಒಳಅಟ್ಟೆಯ ಕೆಳಗೆ ತೆಳ್ಳಗಿನ ಬೆಂಡಿನ ಹಾಳೆ ಇಟ್ಟಳು. ಲೇಸನ್ನು ಪಾದದ ಮಡಿಕೆಯ ಹತ್ತಿರ ಎರಡು ಸುತ್ತು ಸುತ್ತಿ ಬಿಗಿದು, ಅಲ್ಲಿಂದ ಮೇಲಕ್ಕೆ ಬೇರೆ ಬಿಗಿತದಲ್ಲಿ ಕಟ್ಟುವುದನ್ನು ತೋರಿಸಿಕೊಟ್ಟಳು. ದಿಮ್ಮಿಗೆ ಐವತ್ತು ಒದೆ ಆಯಿತು. ಬಿಚ್ಚಿ ನೋಡಿದರೆ ಹೆಸರುಕಾಳಿನಷ್ಟು ಚುಕ್ಕೆ, ಎರಡೂ ಕಾಲಿಗೆ.

"ಹೋಗು, ಹತ್ತು" ಅಂದಳು ಲೀಟಾ.

ಎರಡೇ ದಿನಕ್ಕೆ ಹುಡುಗಿ ಹಾಜರು. "ಸೆನ್ಯೋರಾ, ತಪ್ಪು ತಿಳೀಬೇಡಿ. ಇನ್ನೂ ಏಳ್ತಿದೆ."

"ಸಾಧ್ಯವಿಲ್ಲ."

"ಹತ್ತನೇ ಹೆಜ್ಜೆಗೇ ಶುರುವಾಗುತ್ತೆ."

"ಲೇಸು ನಾನು ಹೇಳಿದ ಹಾಗೆ ಕಟ್ಟಿದ್ಯಾ?"

"ಹಾಗೇ ಕಟ್ಟಿದ್ದೆ."

"ಕಾಲುಚೀಲ ಬದಲಾಯಿಸಿದ್ಯಾ?"

"ಇದೇನೇ. ಮೂಸಿ ನೋಡ್ಬೇಕಾ?"

ಲೀಟಾ ನಿಜವಾಗಿಯೂ ಮೂಸಿ ನೋಡಿದಳು. ಅದೇ ಕಾಲುಚೀಲ. ಮತ್ತೆ ಒಲೆ, ಸೂಪು, ಸೀಮೆಸುಣ್ಣ, ದಿಮ್ಮಿ. ಮತ್ತೆ ಚುಕ್ಕೆ. ಅವಳು ಸೊಂಟದ ಮೇಲೆ ಕೈಯಿಟ್ಟು ಆ ಚುಕ್ಕೆಯನ್ನು ನೋಡುತ್ತ ನಿಂತಳು. ಈಗ ಅವಳಿಗೆ ಎಲ್ಲ ಸ್ಪಷ್ಟವಾಯಿತು. ಹಾಲಿಸ್ ಈ ಹುಡುಗಿಯನ್ನು ಮುಂದೆ ಬಿಟ್ಟು ಆಟ ಆಡುತ್ತಿದ್ದಾನೆ. ಶನಿವಾರ ದಳದವರೆಲ್ಲರ ಎದುರು ಇವಳು ಗೋಡೆಯ ಮಧ್ಯದಲ್ಲಿ ನಿಂತು ಹಿಮ್ಮಡಿ ಏಳುತ್ತಿದೆ ಅಂತ ಕೂಗುತ್ತಾಳೆ. ಊರೆಲ್ಲ ತಿರುಗಿ ನೋಡುತ್ತದೆ. ಲೀಟಾಳ ಚುಕ್ಕೆ ಸುಳ್ಳು ಅಂತಾಗುತ್ತದೆ. ಆಗ ಹನ್ನೊಂದು ವರ್ಷದ ಹಿಂದೆ ಹಾಲಿಸ್ ಹೇಳಿದ್ದು ತನ್ನಷ್ಟಕ್ಕೆ ತಾನೇ ನಿಜವಾಗಿಬಿಡುತ್ತದೆ. ಎಂಥ ಬುದ್ಧಿ! ಅವಳಿಗೆ ಅವನ ಮೇಲೆ ಸಿಟ್ಟಿನ ಜೊತೆ ಒಂದು ಬಗೆಯ ಮೆಚ್ಚುಗೆಯೂ ಆಯಿತು.

"ನೋಡಿದ್ಯೇನೋ ರೆಮೋ, ಅವನ ಕಿತಾಪತಿ?" ಹುಡುಗಿ ಹೋದ ಮೇಲೆ ತಮ್ಮನಿಗೆ ಹೇಳಿದಳು.

"ಹುಡುಗಿ ನಿಜ ಹೇಳ್ತಿರ್ಬಹುದು" ಅಂದ ರೆಮೋ.

"ಚುಕ್ಕೆ ಸುಳ್ಳು ಹೇಳುತ್ತೇನೋ?"

ರೆಮೋ ಮಿಶನ್ನು ತುಳಿಯತೊಡಗಿದ.

ಬುಧವಾರ ಇನೆಸ್ ಮೂರನೇ ಸಲ ಬಂದಳು. ಕೂತು, ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಕಾಲನ್ನು ಎತ್ತಿ ಲೀಟಾಳ ತೊಡೆಯ ಮೇಲಿಟ್ಟಳು. ಹಿಮ್ಮಡಿಯಿಂದ ಎರಡು ಬೆರಳು ಮೇಲೆ ಚರ್ಮ ಸುಲಿದು ಕೆಂಪಗೆ ಹಸಿಯಾಗಿತ್ತು. ಲೀಟಾ ಅದರ ಸುತ್ತ ಬೆರಳಾಡಿಸಿದಳು. ಇಷ್ಟು ಮೇಲೆ ಸುಲಿಯಬೇಕಾದರೆ ಹಿಮ್ಮಡಿ ಎದ್ದು ಇಳಿದು, ಎದ್ದು ಇಳಿದು ಉಜ್ಜಿರಬೇಕು. ಕಾಲಂತೂ ಸುಳ್ಳು ಹೇಳುವುದಿಲ್ಲ. ಆದರೆ ಚುಕ್ಕೆಯೂ ಸುಳ್ಳು ಹೇಳುವುದಿಲ್ಲವಲ್ಲ! ಹಾಗಾದರೆ ಉಳಿದದ್ದು ಒಂದೇ ದಾರಿ. ಇವಳು ಬೇಕಂತಲೇ ಗೋಡೆಯ ಹತ್ತಿರ ಹೋಗಿ ಲೇಸು ಸಡಿಲ ಮಾಡಿಕೊಳ್ಳುತ್ತಿದ್ದಾಳೆ. ಯಾರೋ ಹೇಳಿಕೊಟ್ಟು ಮಾಡಿಸುತ್ತಿದ್ದಾರೆ.

"ನಾಳೆ ಬೆಳಿಗ್ಗೆ ಎಂಟಕ್ಕೆ ಬಾ. ಲೇಸು ನಾನೇ ಕಟ್ತೀನಿ. ಕಮರಿಗೂ ನಾನೇ ಬರ್ತೀನಿ."

ಮಿಶನ್ನು ಮತ್ತೆ ನಿಂತಿತು. ರೆಮೋ ಬಿದ್ದ ದಿನದಿಂದ ಲೀಟಾ ಕಮರಿಯ ಕಡೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಸುಲಿದ ಜಾಗಕ್ಕೆ ಪಟ್ಟಿ ಹಾಕಿ, ಸೂಪು ಕುಡಿಸಿ, ಸೀಮೆಸುಣ್ಣ ತಿಕ್ಕಿ ಲೀಟಾ ತಾನೇ ಮಂಡಿಯೂರಿ ಲೇಸು ಬಿಗಿದಳು. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ದಬ್ಬಳಕ್ಕೆ ಕೆಂಪು ಮೇಣದ ದಾರ ಪೋಣಿಸಿ, ಎರಡೂ ಬೂಟಿನ ಗಂಟುಗಳ ನಡುವೆ ತೂರಿಸಿ ಹೊಲಿದು, ದಾರದ ತುದಿಗೆ ತನ್ನದೇ ಒಂದು ಕುರುಡು ಗಂಟು ಹಾಕಿದಳು. ಅದನ್ನು ಕತ್ತರಿಸದೆ ದೇವರೂ ಆ ಲೇಸು ಬಿಚ್ಚುವ ಹಾಗಿರಲಿಲ್ಲ.

"ಇದೇನು ಸೆನ್ಯೋರಾ, ಸೀಲು ಹಾಕಿದ ಹಾಗೆ?" ಅಂದಳು ಇನೆಸ್.

"ಹಾಗೇ ಅಂದ್ಕೋ."

"ನಾನು ಕಳ್ಳಿ ಅನ್ನಿಸ್ತೀನಾ ನಿಮಗೆ?"

"ನಂಗೆ ಎಲ್ಲರೂ ಹಾಗೇ ಅನ್ನಿಸ್ತಾರಮ್ಮ, ಬೇಜಾರು ಮಾಡ್ಕೋಬೇಡ."

ಕಮರಿಯ ತಳದಲ್ಲಿ ಮೂಗಿನ ಕೂದಲು ಗಟ್ಟಿಯಾಗುವಷ್ಟು ಚಳಿ. ಬಿಸಿಲು ಮೇಲಿನ ಅಂಚಿನಲ್ಲೇ ನಿಂತಿತ್ತು. ಗೋಡೆಯ ಬುಡದಲ್ಲಿ ಹಗ್ಗ ಹಿಡಿದು ನಿಂತವನನ್ನು ನೋಡಿ ಲೀಟಾಳ ಹೆಜ್ಜೆ ತಡವರಿಸಿತು. ಹಾಲಿಸ್. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವನು ತಲೆ ಬಗ್ಗಿಸಿದ. ಲೀಟಾ ಬಗ್ಗಿಸಲಿಲ್ಲ. ಊರಲ್ಲಿ ಅವನ ಹಗ್ಗಕ್ಕೆ ಕಟ್ಟಿಕೊಳ್ಳುವ ಧೈರ್ಯ ಹೊಸಬಳಾದ ಈ ಹುಡುಗಿಗೆ ಮಾತ್ರ ಇದ್ದದ್ದು.

ಮುಂಚೆ ಹತ್ತುತ್ತಿದ್ದ ಇಬ್ಬರು ಇಳಿಯುವವರೆಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಎಲ್ಲರೂ ಹಾಗೇ ಕಾಯುತ್ತಾರೆ, ಹಿಮದಲ್ಲಿ ಕಾಲು ತುಳಿಯುತ್ತ. ಲೀಟಾಳ ಕಣ್ಣು ಮಾತ್ರ ಆ ಕೆಂಪು ದಾರದ ಮೇಲಿಂದ ಕದಲಲಿಲ್ಲ. ಇನೆಸ್ ಬಗ್ಗಿದರೆ ಇವಳೂ ಬಗ್ಗುತ್ತಿದ್ದಳು. ಕೊನೆಗೆ ಹುಡುಗಿ ಎರಡು ಕೈಯಲ್ಲೂ ಹಿಮಗೊಡಲಿ ಹಿಡಿದು ಹತ್ತತೊಡಗಿದಳು. ಆಗ ಲೀಟಾ ಹಾಲಿಸ್‌ನ ಕೈ ನೋಡಿದಳು. ಹಗ್ಗ ಎಲ್ಲಿ ಸಡಿಲ ಬಿಡುತ್ತಾನೆ, ಯಾವಾಗ ಗಮನ ತಪ್ಪುತ್ತಾನೆ ಅಂತ ಹಿಡಿಯಲೆಂದೇ ನೋಡಿದಳು. ಹುಡುಗಿ ಒಂದು ಗೇಣು ಏರಿದರೆ ಅವನು ಒಂದು ಗೇಣು ಎಳೆದುಕೊಳ್ಳುತ್ತಿದ್ದ. ಅವನ ಕಣ್ಣು ಗೋಡೆಯಿಂದ ಒಂದು ಸಲವೂ ಇಳಿಯಲಿಲ್ಲ. ಹಗ್ಗ ಕೊನೆಯವರೆಗೂ ಒಂದೇ ಬಿಗಿತದಲ್ಲಿ ನಿಂತಿತ್ತು. ಅವಳಿಗೆ ಅದು ಇಷ್ಟವಾಗಲಿಲ್ಲ.

"ಏಳ್ತಿದೆ!" ಇನೆಸ್ ಮೇಲಿನಿಂದ ಕೂಗಿದಳು. "ಹಿಮ್ಮಡಿ ಏಳ್ತಿದೆ!"

ಹಾಲಿಸ್‌ನ ಮುಖ ಬಿಳುಪೇರಿದ್ದನ್ನು ಲೀಟಾ ನೋಡಿದಳು. "ಇಳಿಸ್ತೀನಿ, ಕೂತ್ಕೋ ಹಗ್ಗದಲ್ಲಿ" ಅಂತ ಅವನು ಹುಡುಗಿಯನ್ನು ಮೆಲ್ಲಗೆ ಕೆಳಗೆ ಇಳಿಸಿದ. ನಟನೆ ಮಾಡುವವನ ಮುಖದ ಬಣ್ಣ ಹಾಗೆ ಹೋಗುವುದಿಲ್ಲ.

ಲೀಟಾ ಹಿಮದಲ್ಲೇ ಮಂಡಿಯೂರಿದಳು. ಕೆಂಪು ದಾರ ಹಾಗೇ ಇತ್ತು, ಕುರುಡು ಗಂಟು ಹಾಗೇ ಇತ್ತು. ಕತ್ತರಿಯಿಂದ ಕತ್ತರಿಸಿ, ಬೂಟು ಎಳೆದು, ಒಳಬೂಟನ್ನು ಬೆಳಕಿಗೆ ಹಿಡಿದಳು. ಬಿಳಿ ಬಟ್ಟೆಯ ಮೇಲೆ ಮೂರು ಬೆರಳು ಉದ್ದದ ನೀಲಿ ಗೆರೆ ಎಳೆದಿತ್ತು.

ಕೈಗವಸು ಕಿತ್ತೆಸೆದು ಅವಳು ಹುಡುಗಿಯ ಪಾದವನ್ನು ಅಂಗೈಯಲ್ಲಿ ಹಿಡಿದಳು. ಅಷ್ಟು ವರ್ಷ ಅಷ್ಟೊಂದು ಕಾಲು ಹಿಡಿದಿದ್ದಳು, ಇಷ್ಟು ತಣ್ಣಗಿನ ಕಾಲನ್ನು ಒಮ್ಮೆಯೂ ಹಿಡಿದಿರಲಿಲ್ಲ. ಒಲೆಯ ಪಕ್ಕದಲ್ಲಿ ಕಂಡ ತುಂಬಿದ, ಕೆಂಪಗಿನ ಪಾದ ಇದಲ್ಲ. ಇದು ಬಡವಾಗಿತ್ತು, ಮೇಲಿನ ನರಗಳು ಒಳಗೆ ಹೋಗಿದ್ದವು. ಜೇಬಿನಿಂದ ಟೇಪು ತೆಗೆದು ಸುತ್ತಿ ನೋಡಿದಳು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಎರಡು ನೂಲು, ಅಂದರೆ ಕಾಲು ಇಂಚು, ಕಡಿಮೆ. ಇನ್ನೊಂದು ಸಲ ಸುತ್ತಿದಳು. ಎರಡು ನೂಲು ಕಡಿಮೆಯೇ.

ಅಪ್ಪ ಗಣಿಯವರಿಗೆ ಬೂಟು ಮಾಡುತ್ತಿದ್ದ. ನೆಲದಡಿಯಲ್ಲಿ ಸಾವಿರ ಅಡಿ ಇಳಿದರೆ ಬಿಸಿ, ಬೆವರು, ಕಾಲು ಊದಿಕೊಳ್ಳುತ್ತದೆ. ಊದಿದ ಕಾಲಿಗೆ ಅಳತೆ ನೋಡಬೇಕು ಅಂತಲೇ ಅವನು ಒಲೆಯ ಪಕ್ಕ ಕೂರಿಸಿ ಸೂಪು ಕುಡಿಸುತ್ತಿದ್ದದ್ದು. ಗಣಿ ಮುಚ್ಚಿತು. ಗಣಿಯವರ ಮೊಮ್ಮಕ್ಕಳು ಮಂಜುಗಡ್ಡೆ ಹತ್ತತೊಡಗಿದರು. ಲೀಟಾ ಒಲೆಯನ್ನೂ ಸೂಪನ್ನೂ ಹಾಗೇ ಮುಂದುವರಿಸಿದಳು. ಊರಿನ ಪ್ರತಿಯೊಂದನ್ನೂ ಒತ್ತಿ, ಮೂಸಿ, ಬಡಿದು ನೋಡಿದವಳು ಅಪ್ಪನ ಆ ಒಂದು ಬಟ್ಟಲು ಸೂಪಿನ ಮೇಲೆ ಮಾತ್ರ ಅನುಮಾನ ಪಟ್ಟಿರಲಿಲ್ಲ.

"ಆ ಹುಡುಗಿ ಕಾಲಿಗೆ ಬೇಗ ಏನಾದ್ರೂ ಹಾಕು ಲೀಟಾ, ಮರಗಟ್ಟುತ್ತೆ" ಅಂದ ಹಾಲಿಸ್. ಹನ್ನೊಂದು ವರ್ಷದಲ್ಲಿ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು. ಹಗ್ಗ ಸುತ್ತತೊಡಗಿದ.

ಲೀಟಾ ಹೇಗೆ ಅಂಗಡಿಗೆ ಬಂದಳೋ ಅವಳಿಗೇ ತಿಳಿಯದು. ನೀಲಿ ಮೆತ್ತಿದ ಒಳಬೂಟನ್ನು ತಂದು ರೆಮೋನ ಮಿಶನ್ನಿನ ಮೇಲೆ ಇಟ್ಟಳು.

"ಅವತ್ತು ಗೋಡೆ ಮೇಲಿಂದ ಏನಂತ ಕೂಗಿದೆ ನೀನು?"

"ನೆನಪಿಲ್ಲ ಅಂತ ಹೇಳಿದ್ನಲ್ಲಕ್ಕಾ."

"ರೆಮೋ."

ಅವನು ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೆರಳಿಗೆ ನೀಲಿ ಹತ್ತಿತು. "ಹಿಮ್ಮಡಿ ಏಳ್ತಿದೆ ಅಂತ. ಎರಡು ಸಲ ಕೂಗಿದೆ."

"ಹಗ್ಗ?"

"ಬಿಗಿಯಾಗೇ ಇತ್ತು. ಗೋಡೆ ಅಲ್ಲಿ ಮುಂದಕ್ಕೆ ಚಾಚಿತ್ತು, ಅದರ ಮೇಲೆ ಕಾಲು ಹೊಡೀತು. ಹಾಲಿಸ್ ಹಿಡೀದೆ ಇದ್ದಿದ್ರೆ ನಾನು ಇಲ್ಲಿ ಕೂತು ನಿನ್ನ ಬೂಟು ಹೊಲೀತಿರ್ಲಿಲ್ಲ."

ಲೀಟಾ, ಗಿರಾಕಿಗಳು ಕೂರುವ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಳು. "ಹನ್ನೊಂದು ವರ್ಷ ಕಣೋ! ಹನ್ನೊಂದು ವರ್ಷ ಆ ಮನುಷ್ಯನ ಮುಖಕ್ಕೆ ಮಸಿ ಬಳಿದೆ ನಾನು. ನೀನು ಪಕ್ಕದಲ್ಲೇ ಕೂತು ನೋಡ್ತಾ ಇದ್ದೆ!"

"ನಾನು ಕಣ್ಣು ಬಿಡೋ ಹೊತ್ತಿಗೆ ನೀನು ಊರಿಗೆಲ್ಲ ಸಾರಿ ಆಗಿತ್ತು. ಹಾಲಿಸ್‌ದು ತಪ್ಪಿಲ್ಲ ಅಂದ್ರೆ ತಪ್ಪು ನಿಂದು ಅಂತಾಗುತ್ತೆ. ನೀನು ಎರಡು ದಿನದಿಂದ ಬಟ್ಟೆ ಬದಲಾಯಿಸ್ದೆ ನನ್ನ ಹಾಸಿಗೆ ಪಕ್ಕ ಕೂತಿದ್ದೆ. ಕಣ್ಣೆಲ್ಲ ಊದಿತ್ತು ನಿಂದು. ಹೇಗೆ ಹೇಳ್ಲಿ? ಇವತ್ತು ಬೇಡ, ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಬರ್ಲೇ ಇಲ್ಲ."

"ಹಾಲಿಸ್ ಏನೂ ಕೇಳ್ಲಿಲ್ವಾ ನಿನ್ನ?"

"ಒಂದು ಸಲ ಬಂದಿದ್ದ, ನೀನಿಲ್ದಾಗ. 'ನಿಂಗೆ ನೆನಪಿದೆ ಅಲ್ವೇನೋ' ಅಂದ. ನಾನು ಅಳೋಕೆ ಶುರುಮಾಡ್ದೆ. ಬಿಡು ಅಂತ ಎದ್ದು ಹೋದ."

"ಇಡೀ ಲೋಕದಲ್ಲಿ ನಾನು ಅನುಮಾನ ಪಡದೆ ಇದ್ದದ್ದು ನಿನ್ನೊಬ್ಬನ ಮೇಲೆ."

"ಗೊತ್ತು. ಅದಕ್ಕೇ ಬಾಯಿ ಬರ್ಲಿಲ್ಲ."

ಲೀಟಾ ಅತ್ತಳು. ನಾಚಿಕೆಗೆ ಅತ್ತಳೋ ಸಿಟ್ಟಿಗೆ ಅತ್ತಳೋ, ಎರಡೂ ಇತ್ತು. ಅತ್ತು ಮುಗಿದ ಮೇಲೆ ಎದ್ದು, ಒಲೆಯ ಮೇಲಿದ್ದ ಸೂಪಿನ ಪಾತ್ರೆಯನ್ನು ಒಳಮನೆಗೆ ಸಾಗಿಸಿದಳು. ದಿಮ್ಮಿಯ ಮೊಳೆಗಳನ್ನು ಕಿತ್ತು, ಅದನ್ನು ಹಿಂದಿನ ತೆರೆದ ಜಗುಲಿಗೆ ಎಳೆದುಕೊಂಡು ಹೋಗಿ ಅಲ್ಲಿ ಬಡಿದಳು.

ಶುಕ್ರವಾರ ಇನೆಸ್ ಜಗುಲಿಯಲ್ಲಿ ಮುಕ್ಕಾಲು ಗಂಟೆ ಹಿಮದ ಮೇಲೆ ನಿಂತಳು. ಹಲ್ಲು ಕಟಕಟ ಅನ್ನುತ್ತಿದ್ದರೂ ಅವಳ ಬಾಯಿ ಸುಮ್ಮನಿರಲಿಲ್ಲ. "ಸೂಪು ಇಲ್ವಾ ಇವತ್ತು?" ಅಂತ ಕೇಳಿದಳು. "ಎಲ್ಲಾ ಮುಗಿದ್ಮೇಲೆ" ಅಂದಳು ಲೀಟಾ. ತಣ್ಣಗಾದ ಪಾದಕ್ಕೆ ಅಳತೆ ತೆಗೆದು, ಉಣ್ಣೆಬಟ್ಟೆಯನ್ನು ಇಮ್ಮಡಿ ದಪ್ಪ ಮಾಡಿ, ಪಾದದ ಮೇಲ್ಭಾಗಕ್ಕೂ ಬೂಟಿನ ನಾಲಿಗೆಗೂ ನಡುವೆ ಒಂದು ಮೆತ್ತೆ ಕೂರಿಸಿದಳು. ಬೆಂಡಿನ ಹಾಳೆ ಎರಡಾಯಿತು. "ಹತ್ತೋ ಮುಂಚೆ, ಗೋಡೆ ಬುಡದಲ್ಲಿ, ಕಾಲು ತಣ್ಣಗಾದ್ಮೇಲೆ ಇನ್ನೊಂದು ಸಲ ಲೇಸು ಬಿಗಿ" ಅಂದಳು. ದಿಮ್ಮಿಗೆ ಐವತ್ತು ಒದೆ ಬಿತ್ತು. ಚುಕ್ಕೆ ಬಂತು. ಲೀಟಾ ಅದನ್ನು ನಂಬದೆ ಇನ್ನೂ ಐವತ್ತು ಒದೆಸಿದಳು. ಮತ್ತೂ ಚುಕ್ಕೆಯೇ.

ಶನಿವಾರ ಪರೀಕ್ಷೆಗೆ ಮುಂಚೆ ದಳದವರು ಅಗ್ನಿಶಾಮಕ ಠಾಣೆಯಲ್ಲಿ ಕಾಫಿ ಕುಡಿಯುತ್ತ ಸೇರಿದ್ದರು. ಲೀಟಾ ಒಳಗೆ ಬಂದಾಗ ಯಾರೋ "ಕಾಫಿ ಬಿಸಿ ಇದೆ, ಬೇಕಾದ್ರೆ ಬೆರಳು ಅದ್ದಿ ನೋಡು" ಅಂತ ಕಿಚಾಯಿಸಿದರು. ಅವಳು ನಗಲಿಲ್ಲ.

"ಹನ್ನೊಂದು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ಹಾಲಿಸ್ ಹಗ್ಗ ಸಡಿಲ ಬಿಟ್ಟ ಅಂದಿದ್ದೆ. ಅದು ಸುಳ್ಳು. ಅವನು ಹೇಳಿದ್ದೇ ನಿಜ. ನನ್ನ ತಮ್ಮನ ಹಿಮ್ಮಡಿ ಎದ್ದಿತ್ತು, ಆ ಬೂಟು ಸರಿಯಿದೆ ಅಂದವಳು ನಾನು. ನನ್ನ ಪರೀಕ್ಷೆ ಬಿಸಿ ಕಾಲಿನದು. ನೀವು ಹತ್ತೋದು ತಣ್ಣಗಿನ ಕಾಲಲ್ಲಿ. ನನ್ನ ಚುಕ್ಕೆ ಬಿದ್ದ ಬೂಟು ಎಷ್ಟಿವೆಯೋ ಎಲ್ಲಾ ವಾಪಸ್ ತನ್ನಿ. ನಾನೇ ತಿರುಗಿ ನೋಡೋವರೆಗೂ ಯಾರೂ ಹತ್ಬೇಡಿ. ಈ ಹುಡುಗಿ ಹತ್ತಬಹುದು."

ದಳದ ಮುಖ್ಯಸ್ಥ ಕಾಫಿ ಲೋಟ ಕೆಳಗಿಟ್ಟು, "ಹಾಗಾದ್ರೆ ಇವಳ ಹಗ್ಗ ಯಾರು ಹಿಡೀಬೇಕು?" ಅಂದ.

"ಹಾಲಿಸ್ ಹಿಡೀಲಿ. ನಾನು ನೋಡಿದೀನಿ ಅವನ ಕೈ" ಅಂದಳು ಲೀಟಾ.

ಯಾರೋ ಕಮರಿಯ ಅಂಚಿಗೆ ಹೋಗಿ ಅವನನ್ನು ಕರೆತಂದರು. ಇನೆಸ್ ಗೋಡೆಯ ಬುಡದಲ್ಲಿ ಲೇಸನ್ನು ಇನ್ನೊಮ್ಮೆ ಬಿಗಿದು, ತುದಿಯವರೆಗೆ ಹತ್ತಿ, ಮೇಲೆ ನಿಂತು ಎರಡೂ ಹಿಮಗೊಡಲಿ ಎತ್ತಿ ಕುಣಿದಳು. ಹಾಲಿಸ್ ಅವಳನ್ನು ಇಳಿಸಿ, ಹಗ್ಗ ಸುತ್ತಿಟ್ಟು, ತನ್ನ ಕೊಳಾಯಿಗಳ ಕಡೆ ಹೊರಟುಹೋದ. ಲೀಟಾ ಅವನ ಹಿಂದೆಯೇ ಎರಡು ಹೆಜ್ಜೆ ಹೋಗಿ ನಿಂತುಬಿಟ್ಟಳು.

ಆಮೇಲಿನ ವಾರ ಜಗುಲಿಯಲ್ಲಿ ಜನವೋ ಜನ. ಎಲ್ಲರೂ ಹಿಮದಲ್ಲಿ ನಿಂತು ಬೈಯುತ್ತ ಸರದಿ ಕಾಯುತ್ತಿದ್ದರು. ನಲವತ್ತು ಜೊತೆ ಬೂಟಿನಲ್ಲಿ ಹದಿಮೂರು ಜೊತೆಯಲ್ಲಿ ಗೆರೆ ಬಂತು. ಪ್ರತಿ ಗೆರೆಯನ್ನೂ ಲೀಟಾ ತನ್ನ ಪುಸ್ತಕದಲ್ಲಿ ಬರೆದಿಟ್ಟಳು. ರೆಮೋನ ಜೊತೆ ಅವಳು ಬೂಟಿನ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಅವನ ಸೂಪಿನ ಬಟ್ಟಲನ್ನು ಮಾತ್ರ ದಿನವೂ ತಂದು ಮಿಶನ್ನಿನ ಪಕ್ಕ ಇಡುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ, ಸರದಿ ಕರಗಿದ ಮೇಲೆ, ಜಗುಲಿಯ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಹಾಲಿಸ್. ಕಾಲಲ್ಲಿ ಹಳೆಯ ಹಳದಿ ಬೂಟು, ಪಕ್ಕಗಳಲ್ಲಿ ಬೇರೆ ಯಾರೋ ಹಾಕಿದ ದಪ್ಪ ಹೊಲಿಗೆ. ಬೆಳಗಿನಿಂದ ಕೊಳಾಯಿಯ ಕೆಲಸದಲ್ಲಿದ್ದವನು ಅಂತ ಅವನ ಮೀಸೆಯ ಮೇಲಿನ ಹಿಮವೇ ಹೇಳುತ್ತಿತ್ತು. ಅವನು ಬೆಂಚಿನ ಮೇಲೆ ಕೂತ.

ಲೀಟಾ ಅವನ ಎದುರು ಮಂಡಿಯೂರಿದಳು. ಕ್ಷಮಿಸು ಅನ್ನುವ ಮಾತನ್ನು ವಾರವೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದಳು. ಈಗ ಅದು ಹೊರಬಂತು, ಬಹಳ ಸಣ್ಣಗೆ. ಹಾಲಿಸ್ ಬಗ್ಗಿ ಬೂಟಿನ ಲೇಸು ಬಿಚ್ಚಿದ.

"ಎಡಗಾಲು" ಅಂದ ಆಮೇಲೆ. "ಹಿಮ್ಮಡಿ ಏಳುತ್ತೆ."

ರೆಮೋ ಕೋಲೂರಿಕೊಂಡು ಬಾಗಿಲಿಗೆ ಬಂದು, ಅಕ್ಕನ ಕಡೆ ನೀಲಿ ಸೀಮೆಸುಣ್ಣ ಚಾಚಿದ. ಲೀಟಾ ಅದನ್ನು ತೆಗೆದುಕೊಳ್ಳಲಿಲ್ಲ.

"ಅದು ಬೇಡ" ಅಂದಳು. "ಅವನು ಹೇಳಿದ್ನಲ್ಲ."

ಕತ್ತರಿ ತೆಗೆದುಕೊಂಡು, ಅವನ ಎಡಗಾಲಿನ ಬೂಟಿಗೆ ಉಣ್ಣೆಬಟ್ಟೆ ಕತ್ತರಿಸತೊಡಗಿದಳು.